ನೋಂದಣಿ ಪುಸ್ತಕದ ದಾದಿಯರು

ಸರ್ ಜೋಸೆಫ್ ಭೋರ್ ಅವರ ಅಧ್ಯಕ್ಷತೆಯಲ್ಲಿ 1943ರಲ್ಲಿ ನೇಮಕಗೊಂಡ ಆರೋಗ್ಯ ಸಮಿತಿಯು 1946ರಲ್ಲಿ ತನ್ನ ವರದಿಯನ್ನು ಸಲ್ಲಿಸಿತು. ಅದರಂತೆ ಆಗ ಇಡೀ ದೇಶದಲ್ಲಿದ್ದ ದಾದಿಯರು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬರು. ಬ್ರಿಟನ್ನಿನಲ್ಲಿ 300 ಜನರಿಗೆ ಒಬ್ಬರಿದ್ದರು. ಈ ಹೋಲಿಕೆಯನ್ನು ನಂತರ ಬಂದವರೆಲ್ಲ ಉದ್ಧರಿಸಿದ್ದಾರೆ. ಆದರೆ ದಾದಿಯರು ದುಡಿಯುವ ಪರಿಸ್ಥಿತಿ ಶೋಚನೀಯವಾಗಿದೆ ಎಂಬ ಮಾತೂ ಅದೇ ವರದಿಯಲ್ಲಿತ್ತು. ಮೊದಲನೆಯದು ಕೇಳಿಸಿದಷ್ಟು ಸ್ಪಷ್ಟವಾಗಿ ಎರಡನೆಯದು ನಮಗೆ ಕೇಳಿಸಲಿಲ್ಲ.

ಕೊರತೆಗೆ ಮೊದಲ ಕಾರಣ ಹಣವಲ್ಲ, ಮಡಿಮೈಲಿಗೆ. ಅಪರಿಚಿತರ ಮೈ ಮುಟ್ಟುವುದು, ಮಲಮೂತ್ರ ಎತ್ತುವುದು, ರಾತ್ರಿ ಮನೆಯಿಂದ ಹೊರಗಿರುವುದು ಮರ್ಯಾದಸ್ಥ ಹೆಣ್ಣಿನ ಕೆಲಸವಲ್ಲ ಎಂದು ನಂಬಿದ್ದ ಸಮಾಜದಲ್ಲಿ ಈ ವೃತ್ತಿಗೆ ಬಂದವರು ಬಹುಪಾಲು ಕ್ರೈಸ್ತ ಹಾಗೂ ಆಂಗ್ಲೋ-ಇಂಡಿಯನ್ ಮಹಿಳೆಯರು. 1946ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಪದವಿ ಶಿಕ್ಷಣ ಆರಂಭವಾಯಿತು. 1947ರ ಕಾಯ್ದೆಯಿಂದ ಭಾರತೀಯ ಶುಶ್ರೂಷಾ ಪರಿಷತ್ತು ಬಂದಿತು. ವೃತ್ತಿಗೆ ಪದವಿ ಬಂದಿತು, ಪರಿಷತ್ತು ಬಂದಿತು. ಮದುವೆಯ ಮಾತುಕತೆಯಲ್ಲಿ ಮಾತ್ರ ಅದಕ್ಕೆ ಬೆಲೆ ಬರಲು ಗಲ್ಫಿನ ಸಂಬಳ ಬೇಕಾಯಿತು.

ಆ ಸಂಬಳವೇ ಕೇರಳದ ಸಾವಿರಾರು ಕುಟುಂಬಗಳು ಹೆಣ್ಣುಮಕ್ಕಳನ್ನು ನರ್ಸಿಂಗಿಗೆ ಕಳುಹಿಸುವಂತೆ ಮಾಡಿತು. ಅವರಲ್ಲಿ ಎಷ್ಟೋ ಮಂದಿ ಓದಿದ್ದು ನಮ್ಮ ಬೆಂಗಳೂರು, ಮಂಗಳೂರುಗಳ ಖಾಸಗಿ ಕಾಲೇಜುಗಳಲ್ಲಿ. ಕೆಲವು ವರ್ಷಗಳ ಹಿಂದೆ ದೆಹಲಿಯ ಆಸ್ಪತ್ರೆಯೊಂದರಲ್ಲಿ ನನ್ನ ತಂದೆಯವರ ಮಂಚದ ಬಳಿ ಬಂದ ಮಲಯಾಳಿ ಸಿಸ್ಟರ್ ಒಬ್ಬರು, "ಅಜ್ಜಾ, ಮಾತ್ರೆ ತಗೊಂಡ್ರಾ?" ಎಂದು ಕನ್ನಡದಲ್ಲಿ ಕೇಳಿದಾಗ ನಮಗೆ ಆಶ್ಚರ್ಯವಾಯಿತು. ಅವರು ಮಂಗಳೂರಿನಲ್ಲಿ ಓದಿದವರು. ಹಿಂದಿ ಬಾರದ ತಂದೆಯವರಿಗೆ ಆ ಹತ್ತು ದಿನ ಔಷಧಕ್ಕಿಂತ ಆ ಮಾತೇ ಹೆಚ್ಚು ಗುಣ ಕೊಟ್ಟಿತೆಂದು ಈಗಲೂ ನನ್ನ ನಂಬಿಕೆ.

ಕಾಲೇಜುಗಳು ಬೆಳೆದಂತೆ ಶುಲ್ಕ, ಸಾಲಗಳೂ ಬೆಳೆದವು. ದುಡಿಮೆಯ ಬೆಲೆ ಬೆಳೆಯಲಿಲ್ಲ. ಅನೇಕ ಖಾಸಗಿ ಆಸ್ಪತ್ರೆಗಳು ಮೂಲ ಪ್ರಮಾಣಪತ್ರಗಳನ್ನು ಒತ್ತೆಯಿಟ್ಟುಕೊಂಡು, ಬಾಂಡ್ ಬರೆಸಿಕೊಂಡು, ಅಲ್ಪ ಸಂಬಳಕ್ಕೆ ದುಡಿಸಿದವು. 2011ರ ಸುಮಾರಿಗೆ ದೆಹಲಿ, ಮುಂಬಯಿ, ಕೇರಳಗಳಲ್ಲಿ ದಾದಿಯರು ಮುಷ್ಕರಕ್ಕಿಳಿದರು. 2014ರಲ್ಲಿ ಇರಾಕಿನ ತಿಕ್ರಿತ್‌ನಲ್ಲಿ ಯುದ್ಧದ ನಡುವೆ ಸಿಲುಕಿದ 46 ದಾದಿಯರು ಬಿಡುಗಡೆಯಾಗಿ ಬಂದದ್ದು ಓದುಗರಿಗೆ ನೆನಪಿರಬಹುದು. ಮನೆಯ ಸಾಲವನ್ನು ನೆನೆದು ಮರಳಲು ಹಿಂಜರಿದವರೂ ಅವರಲ್ಲಿದ್ದರು. ಗುಂಡಿಗಿಂತ ಬ್ಯಾಂಕಿಗೆ ಹೆಚ್ಚು ಹೆದರುವಂತಾದ ಒಂದು ವೃತ್ತಿಯ ಚರಿತ್ರೆಯನ್ನು ಬರೆಯಲು ಬೇರೆ ದಾಖಲೆ ಬೇಕಿಲ್ಲ. 2016ರಲ್ಲಿ ಸರ್ವೋಚ್ಚ ನ್ಯಾಯಾಲಯದ ಸೂಚನೆಯಂತೆ ರಚನೆಯಾದ ಸಮಿತಿಯು, 50ಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆ ಕೊಡಬಾರದೆಂದು ಶಿಫಾರಸು ಮಾಡಿತು. ಶಿಫಾರಸನ್ನು ಜಾರಿಗೆ ತರುವ ಹೊಣೆ ರಾಜ್ಯಗಳ ಮೇಲೆ ಬಿತ್ತು. ಹೆಚ್ಚಿನ ಕಡೆ ಅದು ಕಡತದಲ್ಲಿಯೇ ಉಳಿಯಿತು.

ಸಂಸತ್ತಿಗೆ ಸರ್ಕಾರ ಕೊಟ್ಟ ಉತ್ತರಗಳಲ್ಲಿ ನೋಂದಾಯಿತ ಶುಶ್ರೂಷಾ ಸಿಬ್ಬಂದಿಯ ಸಂಖ್ಯೆ 33 ಲಕ್ಷವನ್ನು ದಾಟಿದೆ. 7,000ದಿಂದ 33 ಲಕ್ಷ! ನಮ್ಮ ಕಚೇರಿಗಳ ತಖ್ತೆಯಲ್ಲಿ ಮಂಜೂರಾದ ಹುದ್ದೆಗೆ ಒಂದು ಕಾಲಂ, ಭರ್ತಿಯಾದ ಹುದ್ದೆಗೆ ಇನ್ನೊಂದು ಕಾಲಂ ಇರುತ್ತದೆ. ಎರಡರ ನಡುವಣ ಅಂತರವೇ ನಿಜವಾದ ಸುದ್ದಿ ಎಂಬುದನ್ನು ಗುಮಾಸ್ತಿಕೆ ನನಗೆ ಕಲಿಸಿದೆ. ದಾದಿಯರ ಪುಸ್ತಕದಲ್ಲಿ ಇರುವುದು ಮೊದಲ ಕಾಲಂ ಮಾತ್ರ. ಒಮ್ಮೆ ಸೇರಿದ ಹೆಸರು, ಆಕೆ ನಿವೃತ್ತಳಾದರೂ, ವೃತ್ತಿ ಬಿಟ್ಟರೂ, ತೀರಿಕೊಂಡರೂ ಬಹುಕಾಲ ಅಲ್ಲಿಯೇ ಇರುತ್ತಿತ್ತು. 2023ರಲ್ಲಿ ಹಳೆಯ ಕಾಯ್ದೆಯ ಸ್ಥಾನಕ್ಕೆ ಹೊಸ ಆಯೋಗದ ಕಾಯ್ದೆ ಬಂದಿದೆ.

ನಮ್ಮ ಸಿಸ್ಟರ್ ರಾತ್ರಿ ಪಾಳಿಯ ಬಿಡುವಿನಲ್ಲಿ ಒಂದು ನೋಟ್‌ಬುಕ್ ಹಿಡಿದು ಕೂರುತ್ತಿದ್ದರು. ಏನು ಓದುತ್ತಿದ್ದೀರಿ ಎಂದು ಒಮ್ಮೆ ಕೇಳಿದೆ. ಜರ್ಮನ್ ವ್ಯಾಕರಣ ಎಂದರು. ಓದಿದ ಕರ್ನಾಟಕದಲ್ಲಿ ಒಂದು ನೋಂದಣಿ, ದುಡಿಯುತ್ತಿದ್ದ ದೆಹಲಿಯಲ್ಲಿ ಇನ್ನೊಂದು. ಮರುವರ್ಷ ಹಬ್ಬದ ಶುಭಾಶಯ ಬಂದದ್ದು ಜರ್ಮನಿಯಿಂದ.