ಲಂಕೆಯ ಕೆರೆಗಳು

ಲಂಕೆಯೆಂದೊಡನೆ ನಮಗೆ ನೆನಪಾಗುವವನು ರಾವಣ, ಆಮೇಲೆ ಚಹಾ. ಆ ದ್ವೀಪದ ನಿಜವಾದ ಚರಿತ್ರೆಯನ್ನು ಓದಹೊರಟವನು ಮಾತ್ರ ಮೊದಲು ಅಲ್ಲಿನ ಮಳೆಯನ್ನು ವಿಚಾರಿಸಬೇಕು.

ದೇಶ ದೊಡ್ಡದೇನಲ್ಲ, 65,610 ಚದರ ಕಿಲೋಮೀಟರು, ಅಂದರೆ ನಮ್ಮ ಕರ್ನಾಟಕದ ಮೂರರಲ್ಲೊಂದು ಪಾಲಿನಷ್ಟು. ದಕ್ಷಿಣದ ನಡುಭಾಗದಲ್ಲಿ ಬೆಟ್ಟಗಳ ಗುಂಪು. ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ಬೀಸುವ ನೈಋತ್ಯ ಮಾರುತ ಈ ಬೆಟ್ಟಗಳಿಗೆ ಬಡಿದು, ತನ್ನ ನೀರನ್ನು ಕೊಲಂಬೊ, ರತ್ನಪುರಗಳ ಕಡೆಗೇ ಸುರಿದುಬಿಡುತ್ತದೆ. ಆಚೆಯ ಬಯಲಿಗೆ ಆಗ ಒಣಗಾಳಿ. ಅದರ ಪಾಲಿನ ಮಳೆ ಬಹುಮಟ್ಟಿಗೆ ಅಕ್ಟೋಬರಿನಿಂದ ಜನವರಿಯೊಳಗೆ ಬಂದು ಮುಗಿಯುತ್ತದೆ.

ಸೋಜಿಗವೆಂದರೆ, ಹಳೆಯ ಸಿಂಹಳ ರಾಜ್ಯ ಬೆಳೆದದ್ದು ಈ ಒಣ ಬಯಲಿನಲ್ಲಿಯೇ. ಸಾವಿರ ವರ್ಷಕ್ಕೂ ಮೀರಿ ಅನುರಾಧಪುರ ಅದರ ರಾಜಧಾನಿ. ಮಟ್ಟಸವಾದ ನೆಲ, ಧಾರಾಳವಾದ ಬಿಸಿಲು. ನೀರೊಂದನ್ನು ಹಿಡಿದಿಟ್ಟರೆ ಭತ್ತಕ್ಕೆ ಇನ್ನೇನು ಬೇಕು? ಅವರು ಹಿಡಿದಿಟ್ಟರು. ಅವರ ‘ವೆವ’ ನಮ್ಮ ಬಯಲುಸೀಮೆಯ ಕೆರೆಯೇ. ಏರಿಯ ಒಳಮಗ್ಗುಲಿಗೆ ‘ಬಿಸೋಕೊಟುವ’ ಎಂಬ ಕಲ್ಲಿನ ಚೌಕ ಗುಂಡಿಯನ್ನು ಕಟ್ಟಿ, ತೂಬಿಗೆ ನುಗ್ಗುವ ನೀರಿನ ರಭಸವನ್ನು ಅಲ್ಲಿ ಅಡಗಿಸಿ, ಬೇಕಾದಷ್ಟನ್ನೇ ಗದ್ದೆಗೆ ಬಿಡುತ್ತಿದ್ದರು.

ಐದನೆಯ ಶತಮಾನದಲ್ಲಿ ಧಾತುಸೇನನೆಂಬ ಅರಸು ಕಾಲವೆವ ಎಂಬ ದೊಡ್ಡ ಕೆರೆಯನ್ನು ಕಟ್ಟಿಸಿದ. ಅಲ್ಲಿಂದ ಅನುರಾಧಪುರಕ್ಕೆ ಜಯಗಂಗಾ ಎಂಬ 87 ಕಿಲೋಮೀಟರು ಉದ್ದದ ಕಾಲುವೆ. ಮೊದಲ 17 ಮೈಲಿಗಳಲ್ಲಿ ಅದರ ಇಳಿಜಾರು ಮೈಲಿಗೆ ಸುಮಾರು ಆರೇ ಅಂಗುಲ! ಇಂದಿನ ಇಂಜಿನಿಯರರೂ ತಲೆದೂಗುವ ಲೆಕ್ಕ. ಈ ಅರಸನನ್ನು ಸೆರೆಹಿಡಿದ ಮಗ ಕಾಶ್ಯಪ, ಬಚ್ಚಿಟ್ಟ ಭಂಡಾರವೆಲ್ಲಿ ಎಂದು ಪೀಡಿಸಿದನಂತೆ. ಮುದುಕ ಕಾಲವೆವಕ್ಕೆ ಹೋಗಿ, ಮಿಂದು, ಬೊಗಸೆಯಲ್ಲಿ ನೀರು ಕುಡಿದು, ತನಗಿರುವ ಆಸ್ತಿಯೆಲ್ಲ ಇದೇ ಎಂದನೆಂದು ಹಳೆಯ ವಂಶಕಥನ ಹೇಳುತ್ತದೆ. ಮಗ ಅವನನ್ನು ಕೊಲ್ಲಿಸಿ, ಸಿಗಿರಿಯ ಬಂಡೆಯ ಮೇಲೆ ಅರಮನೆ ಕಟ್ಟಿದ. ಪ್ರವಾಸಿಗರ ಗುಂಪು ಇಂದು ಹೋಗುವುದು ಆ ಬಂಡೆಗೆ.

ಹತ್ತನೆಯ ಶತಮಾನದ ಕೊನೆಗೆ ಚೋಳರು ಅನುರಾಧಪುರವನ್ನು ಹಿಡಿದರು. ರಾಜಧಾನಿ ಪೊಲೊನ್ನರುವಕ್ಕೆ ಬಂತು. ಅಲ್ಲಿ ಪರಾಕ್ರಮಬಾಹು (1153–86) ಮತ್ತೆ ಕೆರೆಗಳನ್ನು ಕಟ್ಟಿಸಿ, ಹಳೆಯವನ್ನು ದುರಸ್ತಿ ಮಾಡಿಸಿದ. ಅವನು ಸತ್ತ ಮೂವತ್ತು ವರ್ಷದೊಳಗೆ, 1215ರಲ್ಲಿ, ಕಳಿಂಗದ ಮಾಘ ದಂಡೆತ್ತಿ ಬಂದ. ಏರಿಗಳು ಒಡೆದವು, ಗದ್ದೆಯಿದ್ದಲ್ಲಿ ಕಾಡು ಬೆಳೆಯಿತು, ಮಲೇರಿಯ ನೆಲೆಸಿತು. ಎಲ್ಲಕ್ಕೂ ದಂಡಯಾತ್ರೆಯೇ ಕಾರಣವೆನ್ನುವುದು ಸುಲಭ. ಆದರೆ ಏರಿ ಒಡೆಯುವುದು ಹೊಸದಲ್ಲ, ಹಿಂದೆಯೂ ಒಡೆದಿದ್ದವು. ಅವನ್ನು ಮತ್ತೆ ಕಟ್ಟಿಸುವ ಅಧಿಕಾರಿಗಳ, ಊರವರ ಏರ್ಪಾಡು ಮುರಿದದ್ದೇ ದೊಡ್ಡ ಪೆಟ್ಟೆಂದು ನನಗೆ ತೋರುತ್ತದೆ. ಅರಸರು ದಂಬದೆನಿಯ, ಕುರುಣೆಗಲ, ಗಂಪೊಲ ಎಂದು ಮಳೆಯ ಸೀಮೆಯತ್ತ ಸರಿಯುತ್ತ ಹೋದರು. 1505ರಲ್ಲಿ ಪೋರ್ತುಗೀಸರು ಬಂದಾಗ ರಾಜಧಾನಿ ಕೊಲಂಬೊ ಪಕ್ಕದ ಕೋಟ್ಟೆಯಲ್ಲಿತ್ತು.

ಕಾಲವೆವ ದುರಸ್ತಿಯಾದದ್ದು ಬ್ರಿಟಿಷರ ಕಾಲದಲ್ಲಿ, 1880ರ ದಶಕದಲ್ಲಿ. 1970ರ ದಶಕದಿಂದ ಮಹಾವೇಲಿ ನದಿಯ ನೀರನ್ನೂ ಅದಕ್ಕೆ ತಿರುಗಿಸಿದ್ದಾರೆ. ಅನುರಾಧಪುರದ ಸುತ್ತಣ ಗದ್ದೆಗಳಿಗೆ ಜಯಗಂಗೆ ಈಗಲೂ ಹರಿಯುತ್ತಿದೆ.