ಎಳೆ ವಯಸ್ಸಿನಲ್ಲೇ ಹಲ್ಲು ಅಲುಗಾಟ: ಬೇರು ಗಿಡ್ಡವಿರಬಹುದು

ಹಲ್ಲಿಗೆ ಹುಳುಕಿಲ್ಲ, ಒಸಡಿನಲ್ಲಿ ರಕ್ತವಿಲ್ಲ. ಆದರೂ ಶಾಲೆಗೆ ಹೋಗುವ ಮಗುವಿನ ಮುಂದಿನ ಹಲ್ಲು ಅಲುಗಾಡುತ್ತದೆ. ‘ಸರಿಯಾಗಿ ಉಜ್ಜಿಲ್ಲ’ ಎಂದು ಮನೆಯವರು ಬೈಯುವುದುಂಟು. ಆದರೆ ತಪ್ಪು ಮಗುವಿನದಾಗಿರದೆ, ಹಲ್ಲಿನ ಬೇರೇ ಗಿಡ್ಡವಾಗಿರಬಹುದು. ಉಮರ್ಗಾ, ನಿಲಂಗಾ, ಉದಗೀರ ಕಡೆಯ ಡಾಕ್ಟರು ಮರಾಠಿಯಲ್ಲಿ ‘ಮೂಳ ಆಖೂಡ’ ಎಂದರೆ ಇದೇ ಅರ್ಥ.

ಏನಿದು?
ಮೇಲಿನ ಮುಂಬಾಗಿಲ ಹಲ್ಲಿನ ಕಾಣುವ ಭಾಗ ಸುಮಾರು 10 ಮಿ.ಮೀ. ಇದ್ದರೆ, ದವಡೆಯೊಳಗಿನ ಬೇರು ಸುಮಾರು 13 ಮಿ.ಮೀ. ಇರುತ್ತದೆ. ಗಿಡ್ಡ ಬೇರಿನ ದೋಷದಲ್ಲಿ ಬೇರು ಕಾಣುವ ಭಾಗದಷ್ಟೇ ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ. ಸಾಮಾನ್ಯವಾಗಿ ಎಡ-ಬಲ ಎರಡೂ ಕಡೆ ಹೀಗಿರುತ್ತದೆ. ಹೊರಗಿನಿಂದ ನೋಡಿದರೆ ತಿಳಿಯದು, ಎಕ್ಸ್‌ರೇ ಬೇಕು. ಸ್ವೀಡನ್ನಿನ ಲಿಂಡ್ 1972ರಲ್ಲಿ ಇದನ್ನು ವಿವರಿಸಿದರು.

ಕಾರಣ
ಇದು ಮನೆತನದಲ್ಲಿ ಬರಬಹುದು. ‘ಡೆಂಟಿನ್ ಡಿಸ್‌ಪ್ಲಾಸಿಯಾ’ ಎಂಬ ವಿರಳ ರೋಗದಲ್ಲಿ ಬೇರು ಬಹುತೇಕ ಇರುವುದೇ ಇಲ್ಲ. ತಂದೆ ಅಥವಾ ತಾಯಿಗೆ ಇದ್ದರೆ ಪ್ರತಿ ಮಗುವಿಗೂ ಬರುವ ಸಂಭವ ಸಾಮಾನ್ಯವಾಗಿ ಅರ್ಧದಷ್ಟು. 2011ರಲ್ಲಿ ರಕ್ತಸಂಬಂಧದ ಮದುವೆಯಾದ ಕುಟುಂಬದಲ್ಲಿ ಸಣ್ಣ ಹಲ್ಲು, ಗಿಡ್ಡ ಬೇರಿಗೆ ಎಸ್‌ಎಂಒಸಿ2 ಎಂಬ ಜೀನ್ ಕಾರಣವೆಂದು ಗುರುತಿಸಲಾಯಿತು. ಸೋದರಮಾವ, ಅತ್ತೆ-ಮಾವನ ಮಕ್ಕಳ ಮದುವೆ ನಡೆಯುವ ನಮ್ಮ ಭಾಗದವರು ಇದನ್ನು ನೆನಪಿಡಬೇಕು. ಎಳವೆಯಲ್ಲಿ ಕ್ಯಾನ್ಸರ್ ಚಿಕಿತ್ಸೆ ಪಡೆದವರಲ್ಲಿಯೂ ಬೇರು ಬೆಳೆಯದೆ ಉಳಿಯಬಹುದು.

ಬೋರಿನ ನೀರು ಕಾರಣವೇ?
ಫ್ಲೋರೈಡ್ ಹೆಚ್ಚಿದ ನೀರಿನಿಂದ ಹಲ್ಲಿನ ಮೇಲೆ ಬಿಳಿ ಅಥವಾ ಕಂದು ಕಲೆ ಬೀಳುತ್ತದೆ. ಅದು ಬೇರೆ ತೊಂದರೆ. ಕಲೆ ಕಂಡ ಮಾತ್ರಕ್ಕೆ ಬೇರು ಗಿಡ್ಡವೆಂದು ತಿಳಿಯಬಾರದು.

ಏನು ಮಾಡಬೇಕು?
* ಬೇರನ್ನು ಉದ್ದ ಮಾಡುವ ಔಷಧಿ ಇಲ್ಲ. ಆದರೆ ಜೋಪಾನ ಮಾಡಿದರೆ ಇಂಥ ಹಲ್ಲು ಅನೇಕ ವರ್ಷ ಉಳಿಯಬಹುದು.
* ತಂತಿ ಹಾಕಿಸುವ ಮೊದಲು ಇಡೀ ಬಾಯಿಯ ಎಕ್ಸ್‌ರೇ ತೆಗೆಸಿ. ತಂತಿಯ ಎಳೆತಕ್ಕೆ ಗಿಡ್ಡ ಬೇರು ಇನ್ನಷ್ಟು ಸವೆಯಬಹುದು.
* ಮುಂದಿನ ಹಲ್ಲಿನಿಂದ ಕಬ್ಬು ಸಿಗಿಯಬೇಡಿ, ಬಾಟಲಿ ಮುಚ್ಚಳ ತೆಗೆಯಬೇಡಿ.
* ಮಿಶ್ರಿ ಉಜ್ಜುವುದನ್ನು ಬಿಡಿ. ಒಸಡು ಸವೆದರೆ ಗಿಡ್ಡ ಬೇರಿಗೆ ಹಿಡಿತವೇ ಉಳಿಯದು.
* ಒಬ್ಬರಿಗೆ ಗೊತ್ತಾದರೆ ಅಣ್ಣ-ತಮ್ಮ, ಅಕ್ಕ-ತಂಗಿಯರನ್ನೂ ತೋರಿಸಿ.

ಲಾತೂರ, ಬೀದರ, ಕಲಬುರಗಿಗಳಲ್ಲಿ ದಂತ ಕಾಲೇಜುಗಳಿವೆ. ಹಲ್ಲು ಕೀಳಿಸುವ ಮೊದಲು ಅಲ್ಲಿ ಒಮ್ಮೆ ಕೇಳುವುದು ಒಳ್ಳೆಯದು. ಕಿತ್ತ ಹಲ್ಲು ಮರಳಿ ಬರುವುದಿಲ್ಲ.