ಖಾರಿಟೀಸ್

ಪ್ರಾಚೀನ ಗ್ರೀಕ್ ಪುರಾಣಗಳಲ್ಲಿ ಸೊಬಗು, ಲಾವಣ್ಯ, ಉಲ್ಲಾಸಗಳ ಅಧಿದೇವತೆಗಳು. ಏಕವಚನದಲ್ಲಿ ಖಾರಿಸ್. ಈ ಪದಕ್ಕೆ ಚೆಲುವು ಎಂಬುದಷ್ಟೇ ಅರ್ಥವಲ್ಲ. ಅನುಗ್ರಹ, ಉಪಕಾರ, ಉಪಕಾರ ಪಡೆದವರ ಕೃತಜ್ಞತೆ ಎಲ್ಲವೂ ಅದರಲ್ಲಿ ಅಡಕ. ಇಂದಿನ ಗ್ರೀಕರು ಧನ್ಯವಾದ ಹೇಳುವ ‘ಎಫ್ಖಾರಿಸ್ತೊ’ ಕೂಡ ಇದೇ ಮೂಲದ್ದು. ಇವರನ್ನು ಬರೀ ಸುಂದರಿಯರೆಂದರೆ ಅರ್ಧ ಹೇಳಿದಂತೆ.

ಹೋಮರನ ‘ಇಲಿಯಡ್’ನಲ್ಲಿ ಇವರೆಷ್ಟು ಮಂದಿ ಎಂಬುದು ಸ್ಪಷ್ಟವಿಲ್ಲ. ಅಲ್ಲಿ ಕುಂಟ ಕಮ್ಮಾರ ದೇವರು ಹೆಫೀಸ್ಟಸನ ಹೆಂಡತಿಯ ಹೆಸರೇ ಖಾರಿಸ್. ಪಾಸಿಥೀಯ ಎಂಬ ಇನ್ನೊಬ್ಬಳನ್ನು ಮದುವೆ ಮಾಡಿಸುವ ಆಸೆ ತೋರಿಸಿ ಹೀರಾ ನಿದ್ರಾದೇವನನ್ನು ಒಲಿಸಿಕೊಳ್ಳುತ್ತಾಳೆ, ತನ್ನ ಗಂಡ ಸ್ಯೂಸನನ್ನು ಮಲಗಿಸಲು! ಮೂವರೆಂಬ ಲೆಕ್ಕ ಹೆಸಿಯಡ್‌ನ ‘ಥಿಯಾಗೊನಿ’ಯಲ್ಲಿದೆ: ಸ್ಯೂಸನಿಗೂ ಓಷಿಯಾನಸನ ಮಗಳು ಯೂರಿನೊಮಿಗೂ ಹುಟ್ಟಿದ ಅಗ್ಲೇಯ (ಕಾಂತಿ), ಯೂಫ್ರಾಸಿನಿ (ಉಲ್ಲಾಸ), ಥಲೀಯ (ಸಮೃದ್ಧಿ). ಸ್ಪಾರ್ಟದವರು ಇಬ್ಬರನ್ನೇ ಪೂಜಿಸುತ್ತಿದ್ದರು.

ಇವರ ಹಳೆಯ ನೆಲೆ ಬಿಯೋಷಿಯ ಸೀಮೆಯ ಆರ್ಕೊಮೆನಸ್. ಚೆಲುವಿನ ದೇವತೆಗಳಿಗೆ ಅಲ್ಲಿ ಮೊದಲು ಮುಖವೇ ಇರಲಿಲ್ಲ. ಆಕಾಶದಿಂದ ಉದುರಿದವೆಂದು ನಂಬಿದ ಕೆಲವು ಕಲ್ಲುಗಳಿಗೇ ಪೂಜೆ. ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪಾಸೇನಿಯಸ್ ಹೋದಾಗಲೂ ಆ ಕಲ್ಲುಗಳಿಗೇ ಹೆಚ್ಚಿನ ಮನ್ನಣೆ. ಕೆತ್ತಿದ ವಿಗ್ರಹಗಳು ಅವನ ಕಾಲದಲ್ಲಿ ಬಂದವು. ಅಲ್ಲಿಯ ಖಾರಿಟೇಸಿಯ ಉತ್ಸವದಲ್ಲಿ ಸಂಗೀತ, ಕಾವ್ಯಗಳ ಸ್ಪರ್ಧೆ ನಡೆಯುತ್ತಿತ್ತು. ಪಿಂಡಾರ್ ಕವಿ ಆ ಊರಿನ ಓಟಗಾರನೊಬ್ಬನ ಗೆಲುವನ್ನು ಹಾಡಿದಾಗ ಮೊದಲು ಕರೆದದ್ದು ಈ ದೇವತೆಗಳನ್ನೇ.

ಪಾರೊಸ್ ದ್ವೀಪದ ಪದ್ಧತಿ ವಿಚಿತ್ರ: ಉಲ್ಲಾಸದ ದೇವತೆಗಳಿಗೆ ಕೊಳಲಿಲ್ಲದ, ಹೂಮಾಲೆಯಿಲ್ಲದ ಬಲಿ. ಪೂಜೆಯ ನಡುವೆ ಮಗ ಸತ್ತ ಸುದ್ದಿ ಕೇಳಿದ ಮಿನಾಸ್ ದೊರೆ ಮಾಲೆ ಕಿತ್ತೆಸೆದು, ಕೊಳಲು ನಿಲ್ಲಿಸಿ, ಬಲಿಯನ್ನು ಮಾತ್ರ ಮುಗಿಸಿದನಂತೆ.

ಹಳೆಯ ಶಿಲ್ಪಗಳಲ್ಲಿ ಮೂವರೂ ಉಡುಪು ತೊಟ್ಟಿದ್ದಾರೆ. ಮೊದಲು ನಗ್ನರಾಗಿಸಿದವರು ಯಾರೆಂದು ಪಾಸೇನಿಯಸ್‌ಗೂ ಪತ್ತೆಯಾಗಲಿಲ್ಲ. ನಡುವಿನವಳು ಬೆನ್ನು ತೋರಿಸಿ, ಒಬ್ಬರ ಹೆಗಲ ಮೇಲೊಬ್ಬರು ಕೈಯಿಟ್ಟು ನಿಂತ ಭಂಗಿಯೇ ಮುಂದೆ ರೂಢಿಯಾಯಿತು. ಪೊಂಪೇಯ ಭಿತ್ತಿಚಿತ್ರದಿಂದ ರಾಫೆಲ್‌ವರೆಗೆ ಅದೇ. ರೋಮನರಿಗೆ ಇವರು ಗ್ರಾಟಿಯೆ. ಕೈ ಕೈ ಹಿಡಿದ ಈ ಮೂವರು ಕೊಡುವವಳು, ಪಡೆಯುವವಳು, ಹಿಂದಿರುಗಿಸುವವಳು ಎಂಬ ವ್ಯಾಖ್ಯಾನವನ್ನು ಸೆನೆಕಾ ದಾಖಲಿಸಿದ. ಸ್ವತಃ ಅದನ್ನು ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಆದರೂ ಪದದ ಮೂಲಾರ್ಥಕ್ಕೆ ಚಿತ್ರಕಾರರಿಗಿಂತ ಹತ್ತಿರವಿರುವುದು ಆ ವ್ಯಾಖ್ಯಾನವೇ.

ಆರ್ಕೊಮೆನಸ್‌ನಲ್ಲಿ ಈಗ ಗುಡಿ ಇಲ್ಲ. ಪ್ರಾಚೀನ ಕಟ್ಟಡಗಳ ಕಲ್ಲುಗಳನ್ನೇ ಬಳಸಿ 873–74ರಲ್ಲಿ ಕಟ್ಟಿದ ಮೇರಿಯಮ್ಮನ ಚರ್ಚು ಅಲ್ಲಿ ನಿಂತಿದೆ.